ನಮ್ಮ ಮನೆತನದ ಕಣ್ಣು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸೊಕ್ಕಿನವಳಲ್ಲ. ಗದ್ದ ಮೇಲೆತ್ತಿ, ಮೂಗಿನ ತುದಿಯ ಮೇಲಿಂದ ಜನರನ್ನು ನೋಡುವುದು ನನ್ನ ಗುಣವಲ್ಲ, ನನ್ನ ರೋಗ. ಹುಟ್ಟಿದಾಗಿನಿಂದ ನನ್ನ ಮೇಲಿನ ರೆಪ್ಪೆಗಳು ಅರ್ಧಕ್ಕಿಂತ ಹೆಚ್ಚು ಮುಚ್ಚಿಕೊಂಡೇ ಇದ್ದವು. ಕಣ್ಣಿನ ಸೀಳೂ ಸಣ್ಣದು. ಮೂಗಿನ ಎರಡೂ ಪಕ್ಕದಲ್ಲಿ ಚರ್ಮದ ಒಂದೊಂದು ಮಡಿಕೆ. ಎದುರಿಗಿದ್ದವರ ಮುಖ ಕಾಣಬೇಕಾದರೆ ಹುಬ್ಬು ಏರಿಸಬೇಕು, ಗದ್ದ ಎತ್ತಬೇಕು. ಕುರ್ಲಾದ ನಮ್ಮ ಚಾಳಿನ ಹೆಂಗಸರು ನನಗೆ ‘ರಾಣಿಸಾಹೇಬ್’ ಎಂದು ಹೆಸರಿಟ್ಟಿದ್ದರು. ನಳದ ಸಾಲಿನಲ್ಲಿ ಕೊಡ ಹಿಡಿದು ನಿಂತ ರಾಣಿ!

ಇದನ್ನೆಲ್ಲ ಬರೆಯುವ ವಿಚಾರ ನನಗಿರಲಿಲ್ಲ. ಈಗ ವಯಸ್ಸಾಗಿ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಬಂದಿದೆ. ಅದನ್ನು ತೋರಿಸಲು ಹೋದ ಆಸ್ಪತ್ರೆಯ ಬೆಂಚಿನ ಮೇಲೆ ಆರೇಳು ವರ್ಷದ ಒಂದು ಹುಡುಗಿ ಗದ್ದ ಎತ್ತಿಕೊಂಡು ಕುಳಿತಿತ್ತು. ಅದರ ತಾಯಿ ಮತ್ತೆ ಮತ್ತೆ ಆ ಗದ್ದವನ್ನು ಕೆಳಕ್ಕೆ ಒತ್ತುತ್ತಿದ್ದಳು. ‘ಒತ್ತಬೇಡವಾ, ಒತ್ತಿದರೆ ಅದಕ್ಕೆ ಏನೂ ಕಾಣುವುದಿಲ್ಲ’ ಎಂದು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ನನ್ನ ಹೆಸರು ಕೂಗಿದರು. ತಿರುಗಿ ಬಂದಾಗ ಅವರಿಬ್ಬರೂ ಇರಲಿಲ್ಲ. ಆ ತಾಯಿಗೆ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಬಿಜಾಪುರ ಜಿಲ್ಲೆಯ ನಮ್ಮ ಊರಿನಲ್ಲಿ ಮಾತ್ರ ಈ ಕಣ್ಣಿಗೆ ದೊಡ್ಡ ಮರ್ಯಾದೆ. ನಾವು ಲಿಂಗವಂತರು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ ಅರ್ಧ ತೆರೆದು, ಅದನ್ನೇ ನೋಡುತ್ತ ಕೂರುವುದು ನಮ್ಮ ಪೂಜೆಯ ಕ್ರಮ. ಬೇರೆಯವರು ವರ್ಷಗಟ್ಟಲೆ ಅಭ್ಯಾಸ ಮಾಡಿ ಕಲಿಯುವ ಆ ನೋಟ ನನ್ನ ಅಜ್ಜನಿಗೆ ಹುಟ್ಟುತ್ತಲೇ ಬಂದಿತ್ತು. ‘ಶಿವಯೋಗದ ಕಣ್ಣು’ ಎಂದು ಊರವರು ಅಜ್ಜನ ಕಾಲು ಮುಟ್ಟುತ್ತಿದ್ದರಂತೆ. ಅಜ್ಜನ ತಂಗಿಗೂ ಅದೇ ಕಣ್ಣಿತ್ತು. ಆಕೆಗೆ ಮಕ್ಕಳಾಗಲಿಲ್ಲ, ಮಠದಲ್ಲಿ ಕಸ ಗುಡಿಸಿಕೊಂಡಿದ್ದು ಅಲ್ಲೇ ತೀರಿಕೊಂಡಳು. ಆಮೇಲೆ ಅದು ನಮ್ಮ ಅಪ್ಪನಿಗೆ ಬಂತು, ಅಪ್ಪನ ತಂಗಿ ಗುರವ್ವತ್ತಿಗೆ ಬಂತು, ಕೊನೆಗೆ ನನಗೆ.

ಗುರವ್ವತ್ತಿಯ ಕತೆಯನ್ನು ಇಲ್ಲೇ ಹೇಳಬೇಕು. ಒಂಬತ್ತನೆಯ ವಯಸ್ಸಿನಲ್ಲಿ ಪೂಜೆಗೆ ಕುಳಿತಾಗ ಆಕೆಯ ಅಂಗೈಯಿಂದ ಲಿಂಗ ಜಾರಿ ಕಲ್ಲಿನ ನೆಲಕ್ಕೆ ಬಿತ್ತು. ನಮ್ಮಲ್ಲಿ ಅದು ಸಣ್ಣ ಮಾತಲ್ಲ. ಅಯ್ಯನವರನ್ನು ಕರೆಸಿ ಶುದ್ಧಿ ಮಾಡಿಸಿ ಬೇರೆ ಲಿಂಗ ಕಟ್ಟಿಸಿದರು, ಆ ಮಾತು ಅಲ್ಲಿಗೆ ಮುಗಿಯಿತು. ಮುಂದೆ ಮದುವೆಯಾಯಿತು. ಎಂಟು ವರ್ಷ ಕಾದರೂ ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ತಂದುಕೊಂಡು ಇವಳನ್ನು ತವರಿಗೆ ಕಳಿಸಿದ. ಆಗ ಎಲ್ಲರಿಗೂ ಆ ಹಳೆಯ ಮಾತು ನೆನಪಾಯಿತು. ‘ಲಿಂಗ ಬೀಳಿಸಿದಾಕಿ. ಆಕಿ ಹೊಟ್ಟಿ ಹೆಂಗ ತುಂಬೀತು?’ ಎಂದರು. ನನ್ನ ಅಪ್ಪನೂ ಅಂದ. ಅತ್ತಿಯೂ ಅದನ್ನೇ ನಂಬಿದಳು. ಆವತ್ತಿನಿಂದ ಪ್ರತಿ ಸೋಮವಾರ ಸಂಜೆ ದೀಪ ಹಚ್ಚುವವರೆಗೆ ಆಕೆ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ.

ನನಗೆ ಏಳು ವರ್ಷವಾದಾಗ ಅವ್ವ ತೀರಿಕೊಂಡಳು. ಆಗ ಅಪ್ಪ ಗುರವ್ವತ್ತಿಯನ್ನು ಊರಿನಿಂದ ಕುರ್ಲಾಕ್ಕೆ ಕರೆತಂದ. ನನ್ನ ತಲೆ ಬಾಚಿದವಳು, ಜ್ವರ ಬಂದಾಗ ಹಣೆಗೆ ಪಟ್ಟಿ ಹಾಕಿದವಳು, ಕನ್ನಡ ಶಾಲೆಗೆ ಬುತ್ತಿ ಕಟ್ಟಿದವಳು ಆಕೆಯೇ. ಆದರೆ ಚಾಳಿನಲ್ಲಿ ಯಾರ ಮನೆಯಲ್ಲಾದರೂ ತೊಟ್ಟಿಲ ಕಾರ್ಯವಿದ್ದರೆ ಮಾತ್ರ ನನ್ನನ್ನು ಒಳಗೆ ಕಳಿಸಿ ತಾನು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಒಂದೇ ಮುಖದ ಕಣ್ಣನ್ನು ಪುಣ್ಯವೆಂದರು, ಅದೇ ಮೈಯ ಹೊಟ್ಟೆಯನ್ನು ಪಾಪವೆಂದರು. ನಮ್ಮಲ್ಲಿ ಒಬ್ಬರಿಗೂ ಅದು ವಿಚಿತ್ರವೆನಿಸಲಿಲ್ಲ.

ಅರವತ್ತೆಂಟರಲ್ಲಿ ನನಗೆ ಹದಿನೆಂಟು. ನನ್ನನ್ನು ನೋಡಲು ಬಂದ ಮೂರು ಗಂಡುಗಳೂ ಹಿಂದೆ ಸರಿದಿದ್ದರು. ಕನ್ಯೆ ತಲೆ ತಗ್ಗಿಸಿ ಕೂರಬೇಕು. ತಗ್ಗಿಸಿದರೆ ನನಗೆ ಚಹಾದ ತಟ್ಟೆಯೇ ಕಾಣದು, ಎತ್ತಿದರೆ ಬಂದವರಿಗೆ ಸೊಕ್ಕು ಕಾಣುತ್ತದೆ. ಮೂರನೆಯವರ ಮುಂದೆ ತಲೆ ತಗ್ಗಿಸಿಯೇ ಹೋಗಿ ಗಂಡಿನ ತಾಯಿಯ ಮಡಿಲಿಗೆ ಚಹಾ ಚೆಲ್ಲಿದೆ. ಅವರು ಮೆಟ್ಟಿಲಿಳಿದು ಹೋದ ಮೇಲೆ ಗುರವ್ವತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಪ್ಪನ ಮುಂದೆ ನಿಂತಳು.

“ಅಣ್ಣಾ, ಹುಡುಗಿನ್ನ ದವಾಖಾನಿಗಿ ಕರ್ಕೊಂಡ್ ಹೋಗೂಣು. ರೆಪ್ಪಿ ಎತ್ತತಾರಂತ.”

“ಶಿವ ಕೊಟ್ಟ ಕಣ್ಣಿಗಿ ಕತ್ತರಿ ಹಾಕಸ್ತೀಯಾ? ನಮ್ಮಪ್ಪನ ಕಣ್ಣ ಅವು!”

“ನಿನ್ನ ಶಿವಯೋಗ ನೀ ಇಟ್ಕೊ. ಹುಡುಗಿಗಿ ದಾರಿ ಕಾಣಬೇಕು.”

ಅಪ್ಪನಿಗೆ ಬೈಕುಲ್ಲಾ ಮಾರ್ಕೆಟ್ಟಿನ ಹಿಂದೆ ಮಸಾಲೆ ಕುಟ್ಟುವ ಗಿರಣಿಯಲ್ಲಿ ಕೆಲಸ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆ. ಅಪ್ಪ ಕೊನೆಗೆ ಒಪ್ಪಿದ, ನಾವು ಮೂವರೂ ಹೋದೆವು. ಮೂರು ಗದ್ದಗಳು ಮೇಲೆದ್ದು ಒಂದೇ ಬೆಂಚಿನ ಮೇಲೆ ಕುಳಿತಿದ್ದನ್ನು ಇಡೀ ವರಾಂಡವೇ ತಿರುಗಿ ನೋಡಿತು. ಕೇಸ್ ಪೇಪರ್ ಬರೆಯುವವನು ಅಪ್ಪನ ಬಟ್ಟೆಯ ವಾಸನೆಗೆ ಸೀನಿ, “ಮಿರ್ಚಿ ಕಾ ಅಸರ್ ಹೈ ಕ್ಯಾ?” ಎಂದು ಕೇಳಿದ, ಮೆಣಸಿನ ಘಾಟಿಗೆ ನಮ್ಮ ಕಣ್ಣು ಮುಚ್ಚಿಹೋಗಿವೆ ಎಂಬಂತೆ. ಕಣ್ಣಿನ ಡಾಕ್ಟರು ಒಬ್ಬೊಬ್ಬರ ರೆಪ್ಪೆಯನ್ನೂ ಬೆರಳಿನಿಂದ ಎತ್ತಿ ನೋಡಿದರು. ಇದು ವಂಶದಲ್ಲಿ ಬರುವ ಅಪರೂಪದ ದೋಷ, ಆಪರೇಶನ್ ಮಾಡಬಹುದು ಎಂದರು. ಗುರವ್ವತ್ತಿಗೂ ಮಾಡೋಣವೇ ಎಂದು ಕೇಳಿದರು. “ನನಗ ನೋಡೋದೇನ್ ಉಳದೈತ್ರಿ ಸಾಹೇಬ್ರ?” ಎಂದಳು ಆಕೆ. ಅವರು ಕಣ್ಣಿನವರು, ಕಣ್ಣಿನ ಬಗ್ಗೆಯಷ್ಟೇ ಕೇಳಿದರು. ಅದರಲ್ಲಿ ಅವರ ತಪ್ಪಿಲ್ಲ.

ಎರಡು ಆಪರೇಶನ್ ಆದವು. ಮೊದಲು ಮೂಗಿನ ಬದಿಯ ಮಡಿಕೆ ಬಿಡಿಸಿದರು. ಕೆಲವು ತಿಂಗಳ ನಂತರ ನನ್ನ ತೊಡೆಯಿಂದ ನಾರಿನಂಥ ಪಟ್ಟಿ ತೆಗೆದು, ಅದರಿಂದ ರೆಪ್ಪೆಯನ್ನು ಹುಬ್ಬಿಗೆ ತೂಗುಹಾಕಿದರು. ಹೆದರಿಕೆಯೆಂದರೆ ಎಂಥದ್ದು ಎಂದು ನನಗೆ ಗೊತ್ತಾದದ್ದು ಕಣ್ಣು ಕಟ್ಟಿಸಿಕೊಂಡು ಬಿದ್ದಿದ್ದ ಆ ದಿನಗಳಲ್ಲಿ. ವಾರ್ಡಿನಲ್ಲಿ ಯಾರೋ ನರಳುತ್ತಿದ್ದರು, ಯಾರೋ ನಗುತ್ತಿದ್ದರು, ಎಲ್ಲವೂ ನನ್ನ ಬಗ್ಗೆಯೇ ಎನಿಸುತ್ತಿತ್ತು. ಇದ್ದಷ್ಟು ಕಣ್ಣೂ ಹೋದರೆ? ಪಕ್ಕದ ಹಾಸಿಗೆಯ ಗುಜರಾತಿ ಅಜ್ಜಿಯೊಬ್ಬಳು ದಿನವೂ ಕೈ ತಡವರಿಸಿ ನನ್ನ ಬಾಯಿಗೆ ಮೋಸಂಬಿಯ ತೊಳೆ ಇಡುತ್ತಿದ್ದಳು. ಆಕೆಯ ಮುಖವನ್ನು ನಾನು ನೋಡಲೇ ಇಲ್ಲ, ಪಟ್ಟಿ ಬಿಚ್ಚುವ ಮೊದಲೇ ಆಕೆಯನ್ನು ಮನೆಗೆ ಕಳಿಸಿದ್ದರು.

ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಗುರವ್ವತ್ತಿ. ಗದ್ದ ಎತ್ತದೆ, ನೇರವಾಗಿ ಕಂಡಳು. ನಾನೊಬ್ಬ ಹುಚ್ಚಿ, “ಅತ್ತೀ, ನೀ ಇಷ್ಟ್ ಮುದುಕಿ ಆಗೀಯಾ?” ಎಂದುಬಿಟ್ಟೆ. ಆಕೆ ಅಳುತ್ತಲೇ ನಕ್ಕಳು. “ಕುರುಡಗಣ್ಣಿಗಿಂತ ಮೆಳ್ಳಗಣ್ಣು ಮೇಲಂತಾರ. ನಿನಗ ಶಿವ ಅದಕ್ಕಿಂತ ಚಲೋ ಕೊಟ್ಟ, ಸುಮ್ಮನಿರು,” ಎಂದಳು. ಆಮೇಲೆ ನನ್ನ ರೆಪ್ಪೆಗಳು ನಿದ್ದೆಯಲ್ಲೂ ಪೂರ್ತಿ ಮುಚ್ಚುತ್ತಿರಲಿಲ್ಲ. ತಿಂಗಳುಗಟ್ಟಲೆ ಮಧ್ಯಾಹ್ನ ನಾನು ಮಲಗಿದರೆ ಆಕೆ ಮುಲಾಮು ಹಚ್ಚಿ, ನೊಣ ಕೂರದಂತೆ ಸೆರಗು ಬೀಸುತ್ತ ಪಕ್ಕದಲ್ಲಿ ಕೂತಿರುತ್ತಿದ್ದಳು.

ಎಪ್ಪತ್ತರಲ್ಲಿ ಮದುವೆಯಾಯಿತು. ನಮ್ಮವರು ಬೆಳಗಾವಿ ಕಡೆಯವರು, ಫೋರ್ಟಿನ ಆಫೀಸೊಂದರಲ್ಲಿ ಗುಮಾಸ್ತರು, ಬೊರಿವಲಿಯಲ್ಲಿ ಒಂದು ಖೋಲಿ. ಆಪರೇಶನ್ ವಿಷಯ ಮುಚ್ಚಿಡಲಿಲ್ಲ. “ನಿದ್ದಿಯೊಳಗೂ ನನ್ನ ಕಾವಲಾ ಕಾಯ್ತೀಯಲ್ಲ, ಚಲೋ ಆತು ಬಿಡು,” ಎಂದು ನಗುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ತಾಯಿಯ ಮುಂದೆ ಬಾಯಿ ಬಿಡಲಾರದವರು.

ನನಗೆ ಮೊದಲಿಂದಲೂ ತಿಂಗಳ ಮುಟ್ಟು ಸರಿಯಾಗಿರಲಿಲ್ಲ. ಅದನ್ನು ಯಾರ ಬಳಿ ಹೇಳುವುದು? ಮದುವೆಯಾದ ಮೂರನೆಯ ವರ್ಷ ಅದು ಪೂರ್ತಿ ನಿಂತುಹೋಯಿತು. ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು. ನಾನೇ ನಾಚುತ್ತ ನಮ್ಮವರಿಗೆ ಹೇಳಿದೆ. ಅವರು ಆಫೀಸಿಗೆ ಹೋಗುವುದನ್ನೂ ಮರೆತು ಹೊಸ್ತಿಲಲ್ಲೇ ಕುಳಿತುಬಿಟ್ಟರು.

ಊರಿಗೆ ಕಾಗದ ಹೋಯಿತು. ಅವರ ತಾಯಿ ಹಸಿರು ಇಳಕಲ್ ಸೀರೆ, ಹಸಿರು ಬಳೆ ಹಿಡಿದುಕೊಂಡು ಬಂದರು. ನಮ್ಮ ಕಡೆ ಮೂರನೆಯ ತಿಂಗಳಲ್ಲಿ ಕಳ್ಳ ಕುಬಸ ಎಂದು ಮಾಡುತ್ತಾರೆ. ದೊಡ್ಡ ಕುಬಸ, ಅಂದರೆ ಸೀಮಂತ, ಆಮೇಲೆ. ಇದನ್ನು ಮಾತ್ರ ದೃಷ್ಟಿಯಾದೀತೆಂದು ಬಾಗಿಲು ಮುಂದೆ ಮಾಡಿಕೊಂಡು, ನಾಲ್ಕೇ ಜನರಲ್ಲಿ ಮುಗಿಸುತ್ತಾರೆ. ಅವರು ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ನನ್ನ ಕಣ್ಣು ಬಾಗಿಲ ಮೇಲೇ ಇತ್ತು. ಗುರವ್ವತ್ತಿ ಬರಲಿಲ್ಲ.

ಬಂದದ್ದು ಅಪ್ಪ, ಕೈಯಲ್ಲಿ ಒಂದು ಚೀಲ. ಅದರಲ್ಲಿ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಹುಣಸೆಹಣ್ಣಿನ ಚಿಗಳಿ. ನನಗೆ ಬಾಯಲ್ಲಿ ನೀರು ಬರುವ ವಸ್ತುಗಳೇ ಎಲ್ಲವೂ.

“ಅತ್ತಿ ಎಲ್ಲಿ?” ಎಂದೆ.

ಅಪ್ಪ ನನ್ನ ಕಿವಿಯ ಹತ್ತಿರ ಬಾಗಿದ. “ಬರೂದಿಲ್ಲಂದ್ಳು. ತನ್ನ ನೆರಳ ಬೀಳಬಾರದಂತ. ಇದನ್ನೂ ಆಕಿ ಮಾಡ್ಯಾಳಂತ ಹೇಳಬ್ಯಾಡ. ಬಾಜೂಮನಿಯಾಕಿ ಮಾಡ್ಯಾಳಂತ ಹೇಳಬೇಕಂತ.”

ನನಗೆ ಸಿಟ್ಟು ಬಂತು. ನನ್ನನ್ನು ಸಾಕಿದವಳು ತನ್ನ ಕೈರುಚಿಗೇ ಬೇರೆಯವರ ಹೆಸರು ಹೇಳಿಸಬೇಕೆ! ಆದರೂ ರೊಟ್ಟಿ ಬಾಜೂಮನೆಯವಳದ್ದು ಎಂದೇ ಹೇಳಿದೆ, ಎಲ್ಲರೂ ಹೊಗಳಿ ತಿಂದರು. ಆ ಸುಳ್ಳನ್ನು ನಾನು ಇವತ್ತಿಗೂ ಮರೆತಿಲ್ಲ.

ನಾಲ್ಕನೆಯ ತಿಂಗಳು ಕಳೆಯಿತು. ಹೊಟ್ಟೆ ಬೆಳೆಯಲಿಲ್ಲ. ಬದಲಿಗೆ ಕಾರಣವಿಲ್ಲದೆ ಮೈಯೆಲ್ಲ ಕಾದು ಬೆವರಲು ಶುರುವಾಯಿತು. ಜನವರಿಯ ಥಂಡಿಯಲ್ಲಿ, ಲೋಕಲ್‌ನಲ್ಲಿ ಉಳಿದ ಹೆಂಗಸರೆಲ್ಲ ಸೆರಗು ಹೊದ್ದು ಕುಳಿತಿದ್ದರೆ ನಾನು ಕಿಟಕಿಗೆ ಮುಖವೊಡ್ಡಿ ನಿಲ್ಲುತ್ತಿದ್ದೆ. ‘ಗಂಡು ಕೂಸು ಇದ್ರ ಹಿಂಗ ಆಗ್ತೈತಿ’ ಎಂದರು ನಮ್ಮವರ ತಾಯಿ. ಬೊರಿವಲಿಯ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು, ಮೂತ್ರ ಪರೀಕ್ಷೆಗೆ ಕಳಿಸಿದರು. ಎರಡು ದಿನ ಬಿಟ್ಟು ಕರೆದು, “ಕೂಸು ಇಲ್ಲ. ಇರಲೇ ಇಲ್ಲ,” ಎಂದರು. ಇದ್ದು ಹೋಗಿದ್ದರೆ ಅಳಬಹುದಿತ್ತು. ಇರಲೇ ಇಲ್ಲದ ಕೂಸಿಗೆ ಹೇಗೆ ಅಳುವುದೆಂದು ನನಗೆ ತಿಳಿಯಲಿಲ್ಲ. ಹಸಿರು ಬಳೆ ತೆಗೆಯಬೇಕೋ ಇಟ್ಟುಕೊಳ್ಳಬೇಕೋ ಎಂದು ಹೇಳುವವರೂ ಇರಲಿಲ್ಲ. ಒಂದೊಂದಾಗಿ ತಾವೇ ಒಡೆಯುವವರೆಗೆ ಅವು ಕೈಯಲ್ಲೇ ಇದ್ದವು.

ಕುರ್ಲಾಕ್ಕೆ ಹೋದಾಗ ಗುರವ್ವತ್ತಿ ನನ್ನ ಮುಖ ನೋಡಲಿಲ್ಲ. ಒಲೆಯ ಕಡೆ ತಿರುಗಿಯೇ ಹೇಳಿದಳು, “ಬಾಜೂಮನಿಯಾಕಿ ಅಂದ್ರೂ ದೇವರಿಗಿ ಗೊತ್ತಾತು ನೋಡು.”

“ಏನ್ ಮಾತಾಡ್ತೀ ಅತ್ತೀ? ಕೂಸ ಇರಲೇ ಇಲ್ಲ!”

“ನನ್ನ ಕೈಯಾಗ ಬೆಳದ್ಯಲ್ಲ, ನನ್ನ ಪಾಪ ನಿನಗ ಹತ್ತೈತಿ.”

ಅಂದಿನಿಂದ ಗುರುವಾರದ ಉಪವಾಸವೂ ಸೇರಿತು. ಕೆಲವು ತಿಂಗಳ ಮೇಲೆ ಶನಿವಾರದ್ದು. ನನ್ನ ಹೊಟ್ಟೆ ತುಂಬಲೆಂದು ಆಕೆ ತನ್ನ ಹೊಟ್ಟೆ ಒಣಗಿಸತೊಡಗಿದಳು. ವರ್ಷ ತುಂಬುವುದರೊಳಗೆ ಒಂದು ದಿನ ನಳದ ಕಟ್ಟೆಯ ಮೇಲೆ ತಲೆ ತಿರುಗಿ ಬಿದ್ದಳು. ಹಣೆಗೆ ನಾಲ್ಕು ಹೊಲಿಗೆ ಬಿದ್ದವು. ಹೀಗೇ ಉಪವಾಸ ಮಾಡಿದರೆ ಈಕೆ ಉಳಿಯುವುದಿಲ್ಲ ಎಂದು ಡಾಕ್ಟರು ಅಪ್ಪನಿಗೆ ಸ್ಪಷ್ಟವಾಗಿ ಹೇಳಿದರು. ನಾವು ಕೈ ಮುಗಿದು ಕೇಳಿಕೊಂಡೆವು. “ನಿನ್ನ ಉಡಿ ತುಂಬಲಿ, ಬಿಡತೀನಿ,” ಎಂದಳು.

ಅದೇ ದಿನಗಳಲ್ಲಿ ಊರಿನಿಂದ ನಮ್ಮವರ ತಾಯಿಯ ಕಾಗದ ಬಂತು. ಬಂಜೆಯ ಕೈಯಲ್ಲಿ ಬೆಳೆದವಳನ್ನು ತಂದು ತಪ್ಪು ಮಾಡಿದೆವು, ಇಲ್ಲೊಂದು ಹುಡುಗಿ ನೋಡಿದ್ದೇನೆ ಎಂದು ಬರೆದಿದ್ದರು. ನಮ್ಮವರು ಅದನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಮೂರು ದಿನ ಅದು ಅಲ್ಲೇ ಇತ್ತು. ನಾಲ್ಕನೆಯ ದಿನ, “ಏಳು, ದೊಡ್ಡ ದವಾಖಾನಿಗಿ ಹೋಗೂಣು,” ಎಂದರು.

ಹೆಂಗಸರ ವಿಭಾಗದ ಆ ಬೆಂಚುಗಳನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಸುತ್ತಲೂ ತುಂಬಿದ ಬಸುರಿಯರು. ಪಕ್ಕದವಳು, “ಕಿತ್‌ವಾ ಮಹಿನಾ?” ಎಂದು, ಎಷ್ಟನೆಯ ತಿಂಗಳೆಂದು ಕೇಳಿದಳು. ನಾನು ಗದ್ದ ಎತ್ತಿ ಗೋಡೆ ನೋಡಿದೆ. ರೆಪ್ಪೆ ಸರಿಯಾದ ಮೇಲೂ ಅಳು ನುಂಗಬೇಕಾದಾಗ ಆ ಚಾಳಿ ನನಗೆ ಉಳಿದಿತ್ತು. ಸೊಕ್ಕಿನವಳೆಂದು ಅವಳೂ ಅಂದುಕೊಂಡಿರಬೇಕು.

ಅಲ್ಲಿಯ ಡಾಕ್ಟರು ವಯಸ್ಸಾದ ಮರಾಠಿ ಹೆಂಗಸು, ಕೂದಲೆಲ್ಲ ಬೆಳ್ಳಗೆ. ತಪಾಸಣೆ ಮುಗಿಸಿ, ಕೈ ತೊಳೆದುಕೊಂಡು ಬಂದು, ಬರೆಯಲು ಕೂತವರು ನನ್ನ ಮುಖವನ್ನೇ ನೋಡತೊಡಗಿದರು. ಹುಬ್ಬಿನ ಮೇಲಿನ ಸಣ್ಣ ಗಾಯದ ಗುರುತನ್ನು ಬೆರಳಿನಿಂದ ಮುಟ್ಟಿದರು. ಮುಂದಿನ ಮಾತೆಲ್ಲ ಮರಾಠಿಯಲ್ಲೇ ನಡೆಯಿತು.

“ಕಣ್ಣಿನ ಆಪರೇಶನ್ ಆಗಿದೆಯಾ? ಮನೆಯಲ್ಲಿ ಇನ್ನಾರಿಗೆ ಇಂಥ ಕಣ್ಣಿದೆ?”

ಹೊಟ್ಟೆಗೆ ತೋರಿಸಲು ಬಂದರೆ ಇವರು ಕಣ್ಣಿನ ಮಾತಾಡುತ್ತಾರಲ್ಲ ಎಂದು ಬೇಸರವಾಯಿತು. “ಅಪ್ಪನಿಗೆ, ಅಜ್ಜನಿಗೆ, ಸೋದರತ್ತೆಗೆ,” ಎಂದೆ.

“ಅತ್ತೆಗೆ ಮಕ್ಕಳೆಷ್ಟು?”

“ಇಲ್ಲ.”

ಅವರು ಪೆನ್ನು ಕೆಳಗಿಟ್ಟರು. “ಅಜ್ಜನ ಅಕ್ಕತಂಗಿಯರಲ್ಲಿ?”

“ಒಬ್ಬಳಿಗಿತ್ತು. ಅವಳಿಗೂ…” ಎಂದವಳು ಅಲ್ಲಿಗೇ ನಿಂತೆ. ಮಠದಲ್ಲಿ ಕಸ ಗುಡಿಸುತ್ತ ಸತ್ತ ಆ ಮುದುಕಿ ನನಗೆ ನೆನಪಾಗಿದ್ದಳು.

ಡಾಕ್ಟರು ಕೇಸ್ ಪೇಪರನ್ನು ಬೋರಲು ಹಾಕಿ ಚಿತ್ರ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು. ಈ ಕಣ್ಣು ಇದ್ದವರಿಗೆಲ್ಲ ಒಳಗೆ ಶಾಯಿ ತುಂಬಿದರು. ಕಪ್ಪು ಚೌಕಗಳಿಂದ ಗೆರೆಗಳು ಕೆಳಗಿಳಿದವು. ಅಜ್ಜನಿಂದ ಅಪ್ಪನಿಗೆ ಮತ್ತು ಅತ್ತಿಗೆ, ಅಪ್ಪನಿಂದ ನನಗೆ. ಮೂರು ಕಪ್ಪು ಸುತ್ತುಗಳ ಕೆಳಗೆ ಒಂದು ಗೆರೆಯೂ ಇರಲಿಲ್ಲ, ಬರೀ ಕಾಗದ.

“ಇಂಥ ಮನೆತನಗಳಿವೆ ಎಂದು ಓದಿದ್ದೆ. ನೋಡುವುದು ಇದೇ ಮೊದಲು,” ಎಂದರು. “ಕಣ್ಣಿನ ರೆಪ್ಪೆ, ಹೊಟ್ಟೆಯ ಅಂಡಾಶಯ, ಎರಡೂ ಒಂದೇ ರೋಗ, ಮಗಳೇ. ಗಂಡಸರಿಗೆ ಕಣ್ಣಷ್ಟೇ. ಹೆಂಗಸರಿಗೆ ಮುಟ್ಟು ಬೇಗ ನಿಂತುಹೋಗುತ್ತದೆ. ನಿನಗೆ ಈಗ ಐವತ್ತು ವರ್ಷದವರಿಗೆ ಆಗುವಂಥದ್ದು ಆಗಿದೆ.”

ನನಗೆ ಇಪ್ಪತ್ತನಾಲ್ಕು. “ಔಷಧಿ?” ಎಂದೆ.

ಅವರು ಇಲ್ಲವೆಂದು ತಲೆಯಾಡಿಸಿದರು. ಸುಳ್ಳು ಧೈರ್ಯ ಹೇಳಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಎದ್ದು ಬಾಗಿಲು ಮುಚ್ಚಿದರು, ನಾನು ಅತ್ತು ಮುಗಿಸುವವರೆಗೆ ನನ್ನ ಪಕ್ಕದಲ್ಲೇ ಕುಳಿತಿದ್ದರು. ಹೊರಡುವಾಗ ಆ ಚಿತ್ರವನ್ನು ಬೇರೆ ಹಾಳೆಯ ಮೇಲೆ ಬರೆದು ಕೊಟ್ಟರು. “ಇದರಲ್ಲಿ ಯಾರ ತಪ್ಪೂ ಇಲ್ಲ. ಮನೆಯಲ್ಲಿ ತೋರಿಸು,” ಎಂದರು.

ಹೊರಗಿದ್ದ ನಮ್ಮವರಿಗೆ ಎಲ್ಲ ಹೇಳಿದೆ, ಇಬ್ಬರೂ ಗಾಡಿ ಹತ್ತಿದೆವು. ಬಾಂದ್ರಾ ದಾಟಿದ ಮೇಲೆ ಅವರು ಜೇಬಿನಿಂದ ತಾಯಿಯ ಕಾಗದ ತೆಗೆದು, ಹರಿದು, ಕಿಟಕಿಯಿಂದ ಬಿಟ್ಟರು. “ಊರಿಗಿ ನಾ ಬರೀತೀನಿ. ನೀ ಏನೂ ವಿಚಾರ ಮಾಡಬ್ಯಾಡ,” ಎಂದರು. ಕಣ್ಣೊರೆಸಿಕೊಳ್ಳುವುದನ್ನು ನಾನು ನೋಡಬಾರದೆಂದು ಬಾಗಿಲ ಹತ್ತಿರ ಹೋಗಿ ನಿಂತರು. ಮಕ್ಕಳೆಂದರೆ ಅವರಿಗೆ ಪ್ರಾಣ.

ಮರುದಿನ ನಾನು ಬೈಕುಲ್ಲಾಕ್ಕೆ, ಅಪ್ಪನ ಗಿರಣಿಗೆ ಹೋದೆ. ಅಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು, ಗದ್ದ ಎತ್ತಿ, ನಾನು ಹೇಳಿದ್ದನ್ನೆಲ್ಲ ಕೇಳಿದ. ಕೆಂಪು ಪುಡಿ ಮೆತ್ತಿದ ಅವನ ಬೆರಳು ಹಾಳೆಯ ಅಂಚಿನಲ್ಲಿ ಗುರುತು ಬಿಟ್ಟಿತು.

“ಅಂದ್ರ ನಾ ಕೊಟ್ಟೆ ನಿನಗ,” ಎಂದ.

“ನಿನಗೂ ಅಜ್ಜ ಕೊಟ್ಟ. ಯಾರೂ ಬೇಕಂತ ಕೊಟ್ಟಿಲ್ಲಪ್ಪಾ.”

“ಶಿವಯೋಗದ ಕಣ್ಣಂತ ಜನ್ಮೆಲ್ಲ ಹೇಳ್ಕೋಂತ ತಿರಗಿದೆ.” ಚೀಲದ ಮೇಲೆ ಕುಸಿದು ಕುಳಿತ. ಹಾಳೆಯನ್ನು ಮಡಚಿ ನನ್ನ ಕೈಗಿಟ್ಟು, “ಗುರವ್ವಗ ಹೇಳಬ್ಯಾಡ,” ಎಂದ.

“ಯಾಕ? ಉಪಾಸ ಬಿದ್ದು ಸಾಯಾಕತ್ತಾಳ!”

“ಇಪ್ಪತ್ತೆಂಟು ವರ್ಷ ಆಕಿ ಅದರ ಮ್ಯಾಲೇ ನಿಂತಾಳ. ಅದನ್ನ ಕಿತ್ತರ ಎಲ್ಲಿ ನಿಲ್ತಾಳ? ಆಕಿ ಆಯುಷ್ಯ ಹೋತವಾ. ಈಗ ಹೇಳಿ ತಿರಗಿ ಕೊಡ್ತೀಯೇನು?”

ಅಪ್ಪ ಅತ್ತಿಯ ಬಗ್ಗೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಅವನಿಗೆ ತನ್ನ ಬಗ್ಗೆಯೂ ಭಯವಿತ್ತು. ‘ಲಿಂಗ ಬೀಳಿಸಿದಾಕಿ’ ಎಂದವರಲ್ಲಿ ಅವನೂ ಒಬ್ಬ. ನಾನು ಅಲ್ಲಿಂದ ನೆಟ್ಟಗೆ ಕುರ್ಲಾಕ್ಕೆ ಬಂದೆ. ಒಂದು ವಾರ ಅಲ್ಲೇ ಇರುತ್ತೇನೆಂದು ನಮ್ಮವರಿಗೆ ಹೇಳಿಯೇ ಹೊರಟಿದ್ದೆ.

ಗುರವ್ವತ್ತಿ ಅಕ್ಕಿ ಆರಿಸುತ್ತಿದ್ದಳು. ಹಣೆಯ ಗಾಯ ಇನ್ನೂ ಪೂರ್ತಿ ಮಾಯ್ದಿರಲಿಲ್ಲ. ಪಕ್ಕದಲ್ಲಿ ಕುಳಿತು ಹಾಳೆ ಬಿಡಿಸಿದೆ. ಚೌಕ ಯಾರು, ಸುತ್ತು ಯಾರು ಎಂದು ಒಂದೊಂದಾಗಿ ತೋರಿಸಿದೆ. ಓದು ಬರಹ ಬಾರದವಳು, ಆದರೆ ನನಗಿಂತ ಬೇಗ ತಿಳಿದುಕೊಂಡಳು. ಬೆರಳನ್ನು ಮೇಲಿನ ಕಪ್ಪು ಸುತ್ತಿನ ಮೇಲಿಟ್ಟಳು.

“ಈಕಿ ಮಠದಾಕಿ?”

“ಹೂಂ.”

“ಇದು ನಾ. ಇದು ನೀ.” ಬೆರಳು ನನ್ನ ಸುತ್ತಿನ ಕೆಳಗಿನ ಖಾಲಿ ಜಾಗಕ್ಕೆ ಇಳಿಯಿತು. “ಹಂಗಾರ ನಿನಗ…”

“ಇಲ್ಲ ಅತ್ತಿ. ಆಗೂದಿಲ್ಲ.”

ಆಕೆ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ನಾನು ಚಿಕ್ಕವಳಂತೆ ಅತ್ತೆ, ಆಕೆ ಅಳಲಿಲ್ಲ. ನನ್ನ ಬೆನ್ನು ಸವರುತ್ತ ಕೇಳಿದಳು, “ಮತ್ತ ಲಿಂಗ ಬಿದ್ದದ್ದು?”

“ರೆಪ್ಪಿ ಮುಚ್ಚಿತ್ತಲ್ಲ, ಅಂಗೈ ನಿನಗ ಕಾಣತಿದ್ದಿಲ್ಲ. ಅದಕ್ಕ ಬಿತ್ತು. ಒಂಬತ್ತು ವರ್ಷದ ಹುಡುಗಿ ಕೈಯಿಂದ ಜಾರಿ ಬಿತ್ತು, ಅಷ್ಟ.”

“ಅಷ್ಟ?”

“ಅಷ್ಟ.”

ಪಾಪ ಕಳೆಯಿತೆಂದು ಆಕೆ ಹಗುರಾಗುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಎಂಥ ದಡ್ಡಿ ನಾನು! ಆಕೆಯ ಮುಖ ಕಲ್ಲಾಯಿತು. “ಹಂಗಾರ ಇಪ್ಪತ್ತೆಂಟು ವರ್ಷ ನಾ ಯಾವ ತಪ್ಪಿಗಿ ಉಪಾಸ ಬಿದ್ದೆ?” ಎಂದು ಕೇಳಿದಳು. ಆಕೆ ಮೊರ ಎತ್ತಿಕೊಂಡು ಮತ್ತೆ ಅಕ್ಕಿ ಆರಿಸತೊಡಗಿದಳು. ಕಲ್ಲು ಆಯ್ದ ಅಕ್ಕಿಯನ್ನೇ ತಿರುತಿರುಗಿ ಆರಿಸಿದಳು.

ಆ ವಾರವೆಲ್ಲ ಆಕೆ ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ. ಗುರುವಾರ ಉಪವಾಸ ಮಾಡಿದಳು, ಶನಿವಾರವೂ ಮಾಡಿದಳು. ಅಪ್ಪ ಹೇಳಿದ್ದೇ ಸರಿಯಾಯಿತೇನೋ, ಸತ್ಯ ಹೇಳಿ ನಾನೇ ಇವಳನ್ನು ಕೊಂದೆನೇನೋ ಎಂದು ನಾನು ಬೆಂದುಹೋದೆ.

ಸೋಮವಾರ ಬಂತು, ಅತ್ತಿಯ ಹಳೆಯ ಉಪವಾಸದ ದಿನ. ಗಿರಣಿಗೆ ರಜೆ, ಅಪ್ಪ ಮನೆಯಲ್ಲೇ ಇದ್ದ. ಮಧ್ಯಾಹ್ನ ನಾನು ರೊಟ್ಟಿ ಬಡಿದು, ಬೇಳೆ ಪಲ್ಯ ಮಾಡಿ, ಅವನಿಗೊಂದು ತಾಟು ಇಟ್ಟೆ. ಗುರವ್ವತ್ತಿ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅಪ್ಪ ಇನ್ನೂ ಮೊದಲ ತುತ್ತು ಮುರಿದಿರಲಿಲ್ಲ, ಆಕೆ ಎದ್ದಳು. ಗೋಡೆಯ ಮಾಡದಿಂದ ತನ್ನ ತಾಟು ತಂದು ಅಪ್ಪನ ಎದುರಿಗೆ ಇಟ್ಟು ಕುಳಿತಳು. ನಾನು ಬುಟ್ಟಿಗೆ ಕೈ ಹಾಕಿದೆ.

“ನೀ ಅಲ್ಲ,” ಎಂದಳು. “ಅಣ್ಣಾ, ನೀ ನೀಡು.”

ನನ್ನ ಅಪ್ಪ ಹುಟ್ಟಿದಾಗಿನಿಂದ ಯಾರಿಗೂ ಊಟಕ್ಕೆ ನೀಡಿದವನಲ್ಲ. ಕೂತಲ್ಲಿಂದ ಎದ್ದ. ಬುಟ್ಟಿಯೊಳಗೆ ಕಾಣಲೆಂದು ಗದ್ದ ಎತ್ತಿದ. ಆಕೆ ಅವನ ಮುಖ ಕಾಣಲೆಂದು ಗದ್ದ ಎತ್ತಿದಳು. ಅಪ್ಪನ ಕೈಯಿಂದ ರೊಟ್ಟಿ ಜಾರಿ ತಾಟಿನ ಅಂಚಿಗೆ ಬಿದ್ದು ಎರಡು ತುಂಡಾಯಿತು. “ತಪ್ಪಾತು ಗುರವ್ವಾ,” ಎಂದ. ರೊಟ್ಟಿಗೆ ಅಂದನೋ, ಹಿಂದಿನದಕ್ಕೆಲ್ಲ ಅಂದನೋ, ಆಕೆ ಕೇಳಲಿಲ್ಲ. ಎರಡೂ ತುಂಡುಗಳನ್ನು ಒಂದರ ಹಿಂದೊಂದು ತಿಂದಳು. ಈಗ ಮಾತ್ರ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ತಾಟು ಖಾಲಿಯಾದ ಮೇಲೆ ಅದನ್ನು ಅಪ್ಪನ ಕಡೆಗೆ ಸರಿಸಿದಳು.

“ಇನ್ನೊಂದ್ ನೀಡು,” ಎಂದಳು. “ಹಸಿವಿ ಭಾಳ ಆಗೇತಿ.”